ಬಾಕಿ ಯಾರ ಲೆಕ್ಕಕ್ಕ?

ಸುಗ್ಗಿ ಹಬ್ಬದ ಮರುದಿನ ನಡೆದ ಮಾತುಕತೆ ಇದು. ಒಬ್ಬರು ಇಂಡಿ ತಾಲ್ಲೂಕಿನ ಲಿಂಬೆ ತೋಟದವರು, ತಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲೊಬ್ಬರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ಶಿಕ್ಷಕಿ. ಹಬ್ಬದ ಲಿಲಾವಿನಲ್ಲಿ ಕೂಡಿದ ಹಣವನ್ನು ಏನು ಮಾಡಬೇಕೆಂದು ಬರುವ ಆದಿತ್ಯವಾರ ಸಭೆ ತೀರ್ಮಾನಿಸಬೇಕಿತ್ತು.

ಮಗಳು: ಕಾಕಾ, ನಿನ್ನಿ ಲಿಲಾವಿನ್ಯಾಗ ಒಂದ ಕುಂಬಳಕಾಯಿ ಎಷ್ಟ್ ಸರ್ತಿ ಮಾರಿದ್ರು ನೋಡ್ರಿ. ಕೊಂಡಾಂವ ತಿರುಗಿ ಕಾಣಿಕಿ ಕೊಟ್ಟ, ಮತ್ತ ಕೂಗಿದ್ರು, ಮತ್ತೊಬ್ಬಾಂವ ಕೊಂಡು ಅಲ್ಲೇ ಇಟ್ಟ. ನೋಡಾಕ ಛಂದಿತ್ತು. ಆದ್ರ ಆ ರೊಕ್ಕ ಎಲ್ಲಾ ಕಮಾನಿಗೆ ಅಂತ ಕೇಳಿದಾಗಿಂದ ನನಗ ಸಮಾಧಾನ ಇಲ್ಲ.

ಕಾಕಾ: ರಸ್ತಾದ ಬಾಜೂಕ ಒಂದು ಕಮಾನು ನಿಂತ್ರ ಇಲ್ಲೊಂದು ಚರ್ಚ್ ಅದ ಅಂತ ಹೋಗೋ ಬರೋ ಮಂದಿಗೆ ತಿಳೀತದ ಅಂತಾರ ಹುಡುಗರು. ಅವರ ಆಸೆ ಕೆಟ್ಟದ್ದೇನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲ್ಲೂಕು ತಿರುಗಿದ್ರೂ ನಮ್ಮವರು ಅಲ್ಲೊಂದಿಷ್ಟು ಮನಿ, ಇಲ್ಲೊಂದಿಷ್ಟು ಮನಿ. ಸಣ್ಣ ಮಂದಿಗೆ ಗುರುತು ಬೇಕು ಅನಸ್ತದ.

ಮಗಳು: ಗುರುತು ಸಿಮೆಂಟಿನದ ಆಗಬೇಕೇನು? ನಮ್ಮ ಯೌವನಸ್ಥರ ಕೂಟದಾಗ ಒಬ್ಬ ಹುಡುಗ ಕೇಳಿದ: ದೇವರ ರಾಜ್ಯ ಬರಲಿ ಅಂತ ಸಣ್ಣವರಿದ್ದಾಗಿಂದ ಪ್ರಾರ್ಥನಿ ಮಾಡ್ತೀವಿ, ಅದು ಸತ್ತ ಮ್ಯಾಲ ಸಿಗೂದೋ, ಇಲ್ಲೇ ಎಲ್ಲ್ಯಾರೆ ಅದನೋ ಅಂತ. ಅವಗ ನೀವು ಏನ್ ಹೇಳ್ತಿದ್ರಿ?

ಕಾಕಾ: ಆ ಪ್ರಾರ್ಥನೀನ ಉತ್ತರ ಹೇಳ್ತದಲ್ಲ. ರಾಜ್ಯ ಕೇಳಿದ ಬೆನ್ನಿಗೇ ಅದು ಭೂಮಿ ಮಾತಿಗೆ ಇಳೀತದ, ಇವತ್ತಿನ ರೊಟ್ಟಿ ಕೇಳ್ತದ. ಸತ್ತ ಮ್ಯಾಲ ಯಾರಿಗೆ ಬೇಕವ್ವಾ ರೊಟ್ಟಿ? ಅವಗ ಮತ್ತಾಯನ ಸುವಾರ್ತಿ 20ನೇ ಅಧ್ಯಾಯ ಓದಾಕ ಹೇಳು. ದ್ರಾಕ್ಷಿ ತೋಟದ ಯಜಮಾನ ಬೆಳಕು ಹರಿಯೂದಕ್ಕ ಆಳು ಹಿಡಿಯಾಕ ಪ್ಯಾಟಿಗೆ ಹೋಗ್ತಾನ. ಒಂಬತ್ತಕ್ಕ ಮತ್ತ ಹೋಗ್ತಾನ, ಹನ್ನೆರಡಕ್ಕ, ಮೂರಕ್ಕ, ಕಡೀಕ ಸಂಜಿ ಐದಕ್ಕ. ಐದಕ್ಕೂ ಅಲ್ಲೆ ಮಂದಿ ನಿಂತಿರ್ತಾರ. ಯಾಕ ನಿಂತೀರಿ ಅಂದ್ರ, ನಮ್ಮನ್ನ ಯಾರೂ ಕರೀಲಿಲ್ಲ ಅಂತಾರ. ಹೊತ್ತು ಮುಳುಗಿದಾಗ ಎಲ್ಲಾರ ಕೈಯಾಗ ಒಂದ ಪಗಾರ, ಪೂರ್ತಿ ಒಂದು ದಿನದ್ದು.

ಮಗಳು: ಆ ಸಾಮ್ಯ ಓದಿದಾಗೆಲ್ಲ ನನಗ ಮುಂಜಾನಿ ಬಂದವರ ಕಡೆ ನ್ಯಾಯ ಅದ ಅನಸ್ತದ. ದಿನಪೂರ್ತಿ ಬಿಸಲಾಗ ದುಡದವರು ಗೊಣಗಿದ್ರ ತಪ್ಪೇನು?

ಕಾಕಾ: ನಾಕಾದಾಗ ನಿಂತಾಂವಗ ಅದು ಬ್ಯಾರೆ ಕಾಣಸ್ತದ. ಹರೇದಾಗ ನಾ ಮಡಗಾಂವಕ ದುಡಿಯಾಕ ಹೋಗಿದ್ದೆನಲ್ಲ. ನಮ್ಮ ಜಿಲ್ಲಾದ ಮಂದಿ ಗೋವಾಕ್ಕ ಹೋಗೂದು ಇವತ್ತಿಂದಲ್ಲ. ಗಾರೆ ಕೆಲಸ, ರಸ್ತಾ ಕೆಲಸ, ವಾಸ್ಕೋದ ಬಂದರದಾಗ ಹಮಾಲಿ. ಮುಂಜಾನಿ ನಾಕಾದಾಗ ಗುತ್ತೇದಾರ ಬಂದು ಮೊದಲ ತೋಳು ನೋಡ್ತಾನ. ತೋಳು ಗಟ್ಟಿ ಇದ್ದಾಂವ ಮೊದಲನೇ ಗಾಡಿ ಹತ್ತತಾನ. ಆಮ್ಯಾಲಿನ ಗಾಡಿಗೆ ನಡುವಯಸ್ಸಿನವರು. ಬಿಸಲು ಏರಿದ ಮ್ಯಾಲ ಅಲ್ಲೆ ಉಳದವರು ಯಾರು? ಮುದುಕರು, ಕೆಮ್ಮೋರು, ಬಗಲಾಗ ಕೂಸಿದ್ದ ಹೆಣ್ಮಕ್ಕಳು. ಅವರು ಮೈಗಳ್ಳರಲ್ಲ. ನಿಂತ ನಿಂತಲ್ಲೇ ಅವರಿಗೂ ಅದ ಬಿಸಲು ಬಡೀತದ, ಮ್ಯಾಲ ಸಂಜಿಕ ಮನಿಗೆ ಏನು ಒಯ್ಯೂದು ಅನ್ನೋ ಹೆದರಿಕಿ. ಹನ್ನೆರಡು ತಾಸು ಕೆಲಸ ಮಾಡೂದಕ್ಕಿಂತ ಹನ್ನೆರಡು ತಾಸು ಕೆಲಸ ಕಾಯೂದು ಭಾರ, ಅದು ನಿಂತವರಿಗೆ ಗೊತ್ತು. ಅವರ ಮನ್ಯಾಗಿನ ಹೊಟ್ಟಿ ಏನು ಒಂದು ತಾಸಿನ ಹೊಟ್ಟೇನು? ಮೊದಲು ಬಂದವರಿಗೆ ಮಾತಾಡಿದ್ದು ಯಜಮಾನ ಪೂರ್ತಿ ಕೊಟ್ಟ, ಒಂದು ಪೈ ಮುರೀಲಿಲ್ಲ. ಕಡೀಕ ಬಂದವರಿಗೆ ಹೆಚ್ಚಿಗಿ ಕೊಟ್ಟದ್ದು ತನ್ನ ಕಿಸೇದಲೆ. ನಾ ಆ ಸಾಮ್ಯದಾಗ ನೋಡೂದು ಅದನ್ನ: ದಯಾ ಮಾಡೂದಕ್ಕ ಖರ್ಚು ಬರ್ತದ, ಆ ಖರ್ಚು ಯಾರಾರೆ ಹೊರಬೇಕು.

ಮಗಳು: ಹಂಗಾರ ನಿಮ್ಮ ತೋಟದ ಮಾತು ಹೇಳ್ರಿ. ಹೆಣ್ಣಾಳಿಗೆ ಏನ್ ಕೊಡ್ತೀರಿ?

ಕಾಕಾ: ಗಂಡಾಳಿಗೆ ಕೊಟ್ಟಷ್ಟ. ಕೆಲವು ವರ್ಷದಿಂದ ಹಂಗ ನಡದದ. ನೀ ಲಿಂಬೆ ಹರಿಯೂದು ನೋಡೀಯಲ್ಲ. ಗಂಡಸು ದೋಟಿ ಹಿಡದು ನೆಟ್ಟಗ ನಿಂತು ಹರೀತಾನ. ಹೆಣ್ಮಗಳು ಗಿಡದ ಬುಡಕ್ಕ ಬಗ್ಗಿ, ಮುಳ್ಳಿನ ಟೊಂಗಿ ಕೆಳಗ ತೂರಿ, ಬಿದ್ದ ಕಾಯಿ ಆರಸ್ತಾಳ. ದೊಡ್ಡದು ಸಣ್ಣದು ಬ್ಯಾರೆ ಮಾಡ್ತಾಳ, ಹಣ್ಣು ಒಂದು ಕಡೆ, ಕಲೆ ಬಿದ್ದದ್ದು ಒಂದು ಕಡೆ. ಆಮ್ಯಾಲ ಎಣಿಸಿ ಎಣಿಸಿ ಸಾವಿರ ಕಾಯಿ ಡಾಗಿಗೆ ತುಂಬತಾಳ. ಸಂಜಿಕ ಆಕಿ ಕೈ ನೋಡಬೇಕು. ಮೊಣಕೈ ತನಕ ಮುಳ್ಳು ಗೀರಿದ ಗೆರಿ, ಆ ಗೆರ್ಯಾಗ ಲಿಂಬೆ ರಸ ಇಳದು ಕೆಂಪಾಗಿರ್ತದ. ಆ ಕೈಲೆ ಮನಿಗೆ ಹೋಗಿ ಜ್ವಾಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಬೇಕು, ರೊಟ್ಟಿ ಬಡೀಬೇಕು. ಇಷ್ಟಾದ್ರೂ ಇಂಡಿ ಕಡೆ ಎಷ್ಟೋ ತೋಟದಾಗ ಆಕಿ ಪಗಾರ ಗಂಡಾಳಿಗಿಂತ ಕಡಿಮಿ. ಯಾಕ ಅಂತ ಕೇಳಿದ್ರ ಹಿಂದಿನಿಂದ ಹಂಗ ಅದ ಅಂತಾರ.

ಮಗಳು: ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಸಮಾನ ವೇತನದ ಕಾಯ್ದೆ ಬಂದದ್ದು 1976ರಾಗ. ಉದ್ಯೋಗ ಖಾತ್ರಿ ಬಂದ ಮ್ಯಾಲ ಕೆರಿ ಹೂಳು ತಗಿಯೋ ಕೆಲಸಕ್ಕ ಹೆಣ್ಣಿಗೂ ಗಂಡಿಗೂ ಒಂದ ಪಗಾರ ಅಂತ ನಮ್ಮ ಊರಿನ ಮುದುಕಿಗೂ ಗೊತ್ತು. ಸರ್ಕಾರ ಕಡ್ಡಾಯ ಮಾಡಿದ್ದನ್ನ ನಾವು ಮಾಡಿ, ಅದಕ್ಕ ದೇವರ ರಾಜ್ಯ ಅಂತ ಹೆಸರು ಇಟ್ರ ಅದು ಬಾಳ ಸಸ್ತಾ ಆಗ್ತದ.

ಕಾಕಾ: ಖರೆ. ಅದು ದಾನ ಅಲ್ಲ, ಆಕಿ ಹಕ್ಕು. ಯಾಕೋಬನ ಪತ್ರದಾಗ ಐದನೇ ಅಧ್ಯಾಯ ಓದು, ಕೊಡದ ಇಟ್ಟುಕೊಂಡ ಕೂಲಿ ತಾನ ಕೂಗತದ, ಆ ಕೂಗು ದೇವರ ಕಿವಿಗೆ ಮುಟ್ಟತದ ಅಂತ ಬರದಾನ. ಅದಕ್ಕೂ ಹಿಂದ ಧರ್ಮೋಪದೇಶಕಾಂಡ 24ರಾಗ ಕೂಲಿಯವನ ಪಗಾರ ಹೊತ್ತು ಮುಳುಗೂದರೊಳಗ ಕೊಡಬೇಕು ಅಂತ ಅದ. ಸಂತಿ ದಿನ ಕೊಡ್ತೀನಿ, ದಲಾಲಿ ರೊಕ್ಕ ಬಂದ ಮ್ಯಾಲ ಕೊಡ್ತೀನಿ ಅನ್ನೂದು ಇಲ್ಲ. ನಾ ಹೇಳಾಕ ಹೊಂಟಿದ್ದು ಬ್ಯಾರೆ. ಕಾಯ್ದೆ ಇದ್ರೂ ಅದನ್ನ ಪಾಲಿಸಿದ ಮೊದಲನೇ ಮನಶ್ಯಾನ ಮ್ಯಾಲ ಊರು ಸಿಟ್ಟಾಗ್ತದ. ಬಾಜೂ ತೋಟದವರು ಬಂದು, ನಿಂದು ನೋಡಿ ನಮ್ಮ ಆಳೂ ಕೇಳಾಕತ್ಯಾರ, ನಮ್ಮ ಹೊಟ್ಟಿ ಮ್ಯಾಲ ಯಾಕ ಕಾಲು ಇಡ್ತಿ ಅಂದ್ರು. ಮಳಿಗಾಲದಾಗ ಲಿಂಬೆ ರೇಟು ಪಾತಾಳಕ್ಕ ಇಳದಿತ್ತು, ಹರಿದ ಕೂಲಿನೂ ಹುಟ್ಟತಿರಲಿಲ್ಲ. ಆಗ ನಮ್ಮ ಸಭೆದವರೇ ಇಬ್ಬರು ತೋಟದವರು ತಾವೂ ಅಷ್ಟ ಕೊಡ್ತೀವಿ ಅಂದ್ರು. ಆಳು ಮೂರೂ ತೋಟಕ್ಕ ಸರದಿ ಮ್ಯಾಲ ಬರೋ ಹಂಗ ಮಾಡ್ಕೊಂಡ್ವಿ, ಯಾರಿಗೂ ಒಂದ ವಾರದಾಗ ಎಲ್ಲಾ ಪಗಾರ ಎಣಸೋ ಹೊರಿ ಬೀಳಲಿಲ್ಲ. ಒಬ್ಬಾಂವ ಮಾಡಿದ್ರ ಅವನು ಹುಚ್ಚ. ಮೂವರು ಮಾಡಿದ್ರ ಅದು ರೇಟು.

ಮಗಳು: ಇದು ನನಗ ಹಿಡಸ್ತು. ನಾ ಸಾಲ್ಯಾಗ ಆಯ್ದಕ್ಕಿ ಲಕ್ಕಮ್ಮನ ಕಥಿ ಹೇಳುವಾಗ ಹುಡುಗರಿಗೆ ಬಾಳ ಖುಷಿ ಆಗ್ತದ. ಗಂಡ ಮಾರಯ್ಯ ಒಂದಿನ ದಿನದಕಿಂತ ಹೆಚ್ಚಿಗಿ ಅಕ್ಕಿ ಆಯ್ದು ತಂದ್ರ, ಇದು ನಮಗ ಯಾಕ, ತಿರುಗಿ ಅಲ್ಲೇ ಸುರುವಿ ಬಾ ಅಂತಾಳ. ಅವರದೂ ನಮ್ಮ ಬಾಜೂದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ವಿಮೋಚನಕಾಂಡದಾಗ ಮನ್ನ ಹೆಚ್ಚಿಗಿ ಕೂಡಿ ಇಟ್ಟವರದು ಮರುದಿನ ಹುಳ ಬೀಳ್ತದಲ್ಲ, ಆ ಮಾತು ಓದಿದಾಗೆಲ್ಲ ನನಗ ಲಕ್ಕಮ್ಮ ನೆನಪಾಗ್ತಾಳ. ಒಬ್ಬ ಹುಡುಗಿ ಕೇಳಿದ್ಲು: ಟೀಚರ್, ನೀವು ಚರ್ಚಿಗೆ ಹೋಗೋರು, ಲಕ್ಕಮ್ಮನ ಮಾತು ಇಷ್ಟು ಮನಸಿಟ್ಟು ಹೇಳ್ತೀರಲ್ಲ ಅಂತ.

ಕಾಕಾ: ಏನಂದಿ?

ಮಗಳು: ಬಸವಣ್ಣ ಹುಟ್ಟಿದ ಊರಾಗ ಉಣ್ಣಾಕತ್ತೀನಿ, ದಾಸೋಹದ ಮಾತು ನನಗ ಪರಕೀಯ ಹೆಂಗ ಆಗ್ತದ ಅಂದೆ. ಯೇಸುಸ್ವಾಮಿ ಹೇಳಿದ ರಾಜ್ಯದ ಗುರುತು ನನಗ ಲಕ್ಕಮ್ಮನ ಅಂಗಳದಾಗೂ ಕಂಡ್ರ ನನ್ನ ವಿಶ್ವಾಸ ಕಡಿಮಿ ಆಗೂದಿಲ್ಲ. ನಮ್ಮವರು ಕೆಲವರು, ಹೊರಗಿನವರ ಒಳ್ಳೇತನ ಹೊಗಳಿದ್ರ ಸಾಕ್ಷಿ ಕೆಡ್ತದ ಅಂತ ತಿಳಕೊಂಡಾರ. ಒಳ್ಳೆ ಸಮಾರ್ಯದವನ ಸಾಮ್ಯ ಹೇಳಿದ ಕರ್ತನ ಶಿಷ್ಯರು ಹಂಗ ತಿಳಿಯೂದು ನನಗ ಅರ್ಥ ಆಗೂದಿಲ್ಲ.

ಕಾಕಾ: ನನ್ನ ತೋಟ ಉಳಿಸಿದವರು ಹೊರಗಿನವರ. 2023ರ ಬರ ನೆನಪದಲ್ಲ. ರಾಜ್ಯದಾಗ 223 ತಾಲ್ಲೂಕು ಬರ ಅಂತ ಸಾರಿದ್ರು. ಡೋಣಿ ಬೆಳದ್ರ ಓಣಿಗೆಲ್ಲ ಜ್ವಾಳ ಅನ್ನೂದು ಆ ಡೋಣಿ ಹೊಳಿ ದಂಡಿ ಎರಿಹೊಲದವರ ಮಾತು, ನಮ್ಮ ಇಂಡಿ ಮಡ್ಡಿಗೆ ಅಂಥಾ ಭಾಗ್ಯ ಎಲ್ಲಿಂದ? ಕಾಲುವಿ ತುದಿಗೆ ನೀರು ಮುಟ್ಟವಲ್ದು ಅಂತ ರೈತರು ಕೂಗಾಕತ್ತಿ ಎಷ್ಟೋ ವರ್ಷ ಆತು. ಆಲಮಟ್ಟಿ ಆಣೆಕಟ್ಟಿಗೆ 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ರು. ಕೃಷ್ಣಾ ದಂಡಿ ಊರವರು ಮನಿ, ಹೊಲ, ಗೋರಿ, ಗುಡಿ ಎಲ್ಲಾ ನೀರಾಗ ಬಿಟ್ಟು ಎದ್ರು. ಬೆಲೆ ಕೊಟ್ಟವರು ಒಬ್ಬರು, ನೀರು ಉಂಡವರು ಇನ್ನೊಬ್ಬರು. ಅದು ಇರಲಿ. ಆ ಬ್ಯಾಸಿಗ್ಯಾಗ ನಮ್ಮ ಓಣಿ ಬೋರೆಲ್ಲಾ ನಿಂತು, ನನ್ನದೊಂದು ಸಣ್ಣಗ ಬರ್ತಿತ್ತು. ತಾಸು ಬಿಟ್ಟು ತಾಸು ಮೋಟರ್ ಹಚ್ಚಿದ್ರ ಒಂದಿಷ್ಟು ಗಿಡಕ್ಕ ಆಗ್ತಿತ್ತು. ಮುಂಜಾನಿ ಎದ್ದು ನೋಡಿದ್ರ ಬೋರಿನ ಸುತ್ತ ಕೊಡ. ಹಿತ್ತಾಳಿದು, ಪ್ಲಾಸ್ಟಿಕ್‌ದು, ಎಣ್ಣಿ ಡಬ್ಬಿ. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಕೊಡ ಇಟ್ಟು ದೂರ ನಿಂತಿದ್ರು.

ಮಗಳು: ಚಿಕ್ಕಮ್ಮ ಆ ಮಾತು ಹೇಳ್ಯಾಳ. ನಿಮಗ ಆ ರಾತ್ರಿ ನಿದ್ದಿ ಬರಲಿಲ್ಲಂತ.

ಕಾಕಾ: ಲಿಂಬೆ ಗಿಡ ಅಂದ್ರ ಕೂಸು ಜ್ವಾಪಾನ ಮಾಡಿದಂಗ ಮಾಡಿ ಐದಾರು ವರ್ಷಕ್ಕ ಫಲ ಕಾಣೂದು. ಕುಡಿಯೋ ನೀರಿನ ಮುಂದ ಗಿಡದ ಲೆಕ್ಕ ಇಡಬಾರದು ಅಂತ ಬಾಯಿಲೆ ಹೇಳೂದು ಸರಳ. ಬೋರು ಓಣಿಗೆ ಬಿಟ್ಟೆ. ಮ್ಯಾಲಿನ ಸಾಲು ಎಲಿ ಮುದುಡಿ ಒಣಗಾಕ ಹತ್ತಿದ್ವು. ಹದಿನೈದು ದಿನದ ಮ್ಯಾಲ ಊರಿನ ಹಿರಿಯರೊಬ್ಬರು, ಲಿಂಗಾಯತರು, ಬಂದು ತ್ವಾಟ ನೋಡಿ ಏನೂ ಅನ್ನದ ಹೋದ್ರು. ಮರುದಿನ ಟ್ಯಾಂಕರ್ ಬಂತು. ಓಣಿ ಮನಿಮನಿಗೆ ಪಟ್ಟಿ ಹಾಕಿದ್ರಂತ, ಮಸೂತಿ ಕಡೆ ಮನಿಯವರೂ ಕೊಟ್ಟಾರ. ವಾರಕ್ಕೊಂದು ಟ್ಯಾಂಕರ್ ಮಳಿ ಬರೂತನಕ. ಎಲ್ಲಾ ಉಳೀಲಿಲ್ಲ, ಅರ್ಧಕ್ಕಿಂತ ಹೆಚ್ಚು ಉಳದ್ವು. ನಾ ಆಗ ತಿಳಕೊಂಡೆ, ದೇವರ ರಾಜ್ಯದ ಖರ್ಚು ಹೊರಾಕ ದೇವರು ನಮ್ಮ ರಜಿಸ್ಟರದಾಗಿನ ಹೆಸರು ಅಷ್ಟ ಕರೆಯೂದಿಲ್ಲ.

ಮಗಳು: ಈ ಖರ್ಚು ಹಂಚಿಕೊಳ್ಳೂದು ನಮ್ಮ ಹಳಬರಿಗೆ ಗೊತ್ತಿತ್ತಲ್ಲ. ಬಾಸೆಲ್ ಮಿಶನ್ನಿನವರು 1834ರಾಗ ಮಂಗಳೂರಿಗೆ ಬಂದ್ರು, 1837ಕ್ಕ ಧಾರವಾಡ, 1851ಕ್ಕ ಗುಳೇದಗುಡ್ಡ, 1885ಕ್ಕ ವಿಜಾಪುರ. ದೀಕ್ಷಾಸ್ನಾನ ತಗೊಂಡಾವಗ ಮರುದಿನ ಮನಿ ಇಲ್ಲ, ಬಾವಿ ಇಲ್ಲ, ಕಸಬಿಲ್ಲ. ಪ್ರಾರ್ಥನಿ ಮಾಡು ಅಂತ ಹೇಳಿ ಅವರು ಬಿಡಲಿಲ್ಲ. ಮಗ್ಗ ಹಾಕಿದ್ರು, 1865ರಾಗ ಜೆಪ್ಪುದಾಗ ಹಂಚಿನ ಕಾರ್ಖಾನಿ ತಗದ್ರು.

ಕಾಕಾ: 1876ರಿಂದ 78ರ ತನಕ ಈ ಸೀಮಿಗೆ ಬಿದ್ದ ಬರದಾಗ ಅನಾಥ ಕೂಸುಗಳನ್ನ ಸಾಕಿದವರೂ ಅವರ. ನಮ್ಮ ಮುತ್ಯಾನ ಮುತ್ಯಾ ಆ ಬರದ ಮಾತು ಹೇಳ್ತಿದ್ನಂತ.

ಮಗಳು: ಆದ್ರ ಅದರಾಗ ಒಂದು ತೊಡಕೂ ಇತ್ತು ಕಾಕಾ. ಪಗಾರ ಕೊಡೋ ಕೈ ಮತ್ತ ಸಭೆ ಶಿಸ್ತು ನೋಡೋ ಕೈ ಒಂದ ಆತು. ಅನ್ನ ಕೊಡಾಂವನ ಮುಂದ ಮನಶಾ ತನ್ನ ಮನಸಿನ್ಯಾಗಿಂದು ಬಿಚ್ಚಿ ಹೇಳ್ತಾನೇನು? ಅದಕ್ಕ ನಾ ಹೇಳೂದು, ಖರ್ಚು ಹೊರಬೇಕು, ಆದ್ರ ಹೊತ್ತವರು ಧಣಿ ಆಗಬಾರದು. ನಿಮ್ಮ ಓಣಿ ಟ್ಯಾಂಕರ್ ನನಗ ಹೆಚ್ಚು ಸೇರೂದು ಇದಕ್ಕ, ಅಲ್ಲೆ ಯಾರು ಯಾರಿಗೆ ಕೊಟ್ರು ಅನ್ನೂದ ತಿಳೀಲಿಲ್ಲ.

ಕಾಕಾ: ನೀ ಹೇಳಿದ್ದು ನಾ ಯೋಚನಿ ಮಾಡಿರಲಿಲ್ಲ. ಲಿಲಾವಿನ ರೊಕ್ಕಕ್ಕೂ ಅದು ಅನ್ವಯ ಆಗ್ತದ.

ಮಗಳು: ಅಲ್ಲಿಗೇ ಬಂದೆ. ಹೋದ ವರ್ಷ ನಮ್ಮ ಸಭೆ ಹುಡುಗ ಡಿಪ್ಲೊಮಾ ಅರ್ಜಿ ತುಂಬುವಾಗ ಧರ್ಮದ ಕಾಲಮ್ಮಿನ್ಯಾಗ ಕ್ರೈಸ್ತ ಅಂತ ಬರದ. ಅವರ ಮನಿತನ ಮಾದಿಗರದು, ಅವನ ಅಜ್ಜನ ಕಾಲಕ್ಕ ದೀಕ್ಷಾಸ್ನಾನ ಆದದ್ದು, ಜಾತಿ ಸರ್ಟಿಫಿಕೇಟ್ ಇನ್ನೂ ಹಳೇದ ಇತ್ತು. 1950ರ ರಾಷ್ಟ್ರಪತಿ ಆಜ್ಞೆ ಪ್ರಕಾರ ಕ್ರೈಸ್ತ ಆದ್ರ ಪರಿಶಿಷ್ಟ ಜಾತಿ ಅಲ್ಲ. ಸಿಖ್ಖರನ್ನ 1956ರಾಗ ಸೇರಿಸಿದ್ರು, ಬೌದ್ಧರನ್ನ 1990ರಾಗ. ರಂಗನಾಥ ಮಿಶ್ರಾ ಆಯೋಗ 2007ರಾಗ ಈ ಧರ್ಮದ ಅಡ್ಡಿ ತಗೀರಿ ಅಂತ ವರದಿ ಕೊಟ್ಟಿತು. 2022ರಾಗ ಇದನ್ನ ನೋಡಾಕ ಬಾಲಕೃಷ್ಣನ್ ಆಯೋಗ ಮಾಡಿದ್ರು. ನಮ್ಮ ರಾಜ್ಯದಾಗ ಅಂಥವರಿಗೆ ಪ್ರವರ್ಗ 1 ಅಂತ ಅದ, ಆದ್ರ ಎಸ್‌ಸಿ ವಿದ್ಯಾರ್ಥಿವೇತನ, ಎಸ್‌ಸಿ ಸೀಟು ಇಲ್ಲ. ಖರೆ ಬರದದ್ದಕ್ಕ ಅವನಪ್ಪ ಎಮ್ಮಿ ಮಾರಿ ಫೀ ಕಟ್ಟಿದ.

ಕಾಕಾ: ಅವನ ಸಾಕ್ಷಿ ನಾವೆಲ್ಲ ಕೇಳೀವಿ. ಚಪ್ಪಾಳಿ ಹೊಡದೀವಿ.

ಮಗಳು: ಎಮ್ಮಿ ಬಗ್ಗೆ ಯಾರಾರೆ ಕೇಳಿದ್ರೇನು? ಅವನ ಸತ್ಯಕ್ಕ ನಮ್ಮೆಲ್ಲಾರದು ಆಮೆನ್, ಅದರ ಬಿಲ್ಲು ಅವರಪ್ಪನ ಹೆಸರಿಗೆ. ಅದ ಸಭೆದಾಗ ಹಳೇ ಸರ್ಟಿಫಿಕೇಟ್ ಇಟ್ಟುಕೊಂಡ ಮನಿಗಳೂ ಅದಾವ. ಅವರನ್ನ ಸುಳ್ಳುಗಾರರು ಅಂತ ಪೀಠದಿಂದ ಬೈಯೂದೂ ಕೇಳೀನಿ.

ಕಾಕಾ: ಅವರನ್ನ ಬೈಯಾಕ ನನಗ ಬಾಯಿ ಬರೂದಿಲ್ಲ. ಮತ ಬದಲಾದ್ರ ಜಾತಿ ಹೋತು ಅಂತ ಕಾಯ್ದೆ ಹೇಳ್ತದ. ಊರಿನ ಚಾದಂಗಡಿ ಹಂಗ ಹೇಳೂದಿಲ್ಲ. ಹೊಲದಾಗ ನೀರು ಕುಡಸೋ ಮಂದಿ ಹಂಗ ತಿಳಿಯೂದಿಲ್ಲ. ಕ್ರೈಸ್ತ ಆದ ಮ್ಯಾಲೂ ಅವಮಾನ ಹಳೇದ ಉಳೀತು, ಸವಲತ್ತು ಅಷ್ಟ ಹೋತು. ಇದರಾಗ ಮೊದಲನೇ ಸುಳ್ಳು ಬಡವನದಲ್ಲ. ಮತ್ತ ನಮ್ಮ ಸಭೆ ಒಳಗರೆ ಜಾತಿ ಪೂರ್ತಿ ಹೋಗ್ಯದೇನು? ಪ್ರಭು ಭೋಜನದಾಗ ಒಂದ ಬಟ್ಟಲು, ಬೀಗತನದ ಮಾತು ಬಂದ್ರ ಅವರು ಯಾವ ಮಂದಿ ಅಂತ ಕೇಳ್ತಾರ.

ಮಗಳು: ಹಂಗಂತ ಖರೆ ಹೇಳೂದು ಬಿಡಾಕ ಆಗೂದಿಲ್ಲ. ನನಗ ಆ ಹುಡುಗ ಮಾಡಿದ್ದ ಸರಿ. ನಾ ಶಿಕ್ಷಕಿ, ಅರ್ಜಿ ತುಂಬುವಾಗ ಖರೆ ಬರೀರಿ ಅಂತ ಮಕ್ಕಳಿಗೆ ಹೇಳಬೇಕಾಗ್ತದ. ಆದ್ರ ಖರೆ ಬರಿ ಅನ್ನೋ ಸಭೆ, ಬರದ್ರ ಬೀಳೋ ದಂಡದಾಗ ತಾನೂ ಪಾಲು ತಗೋಬೇಕು. ಅಪೊಸ್ತಲರ ಕೃತ್ಯದಾಗ ಮೊದಲಿನ ವಿಶ್ವಾಸಿಗಳು ಹೊಲ ಮಾರಿ ತಂದು ಇಟ್ರು, ಕೊರತಿ ಇದ್ದವರು ಅವರೊಳಗ ಯಾರೂ ಇರಲಿಲ್ಲ ಅಂತ ಓದ್ತೀವಲ್ಲ. ಲಿಲಾವಿನ ರೊಕ್ಕದಾಗ ಮೊದಲ ಆ ಎಮ್ಮಿ ತಿರುಗಿ ಬರಲಿ.

ಕಾಕಾ: ಇದನ್ನ ಐತವಾರ ನೀನ ಎದ್ದು ಹೇಳು. ನಾ ಹೇಳಿದ್ರ ಮುದುಕ ಕಮಾನಿಗೆ ಅಡ್ಡ ಬಂದ ಅಂತಾರ. ಇನ್ನೊಂದು ಮಾತು ನನ್ನ ತಲ್ಯಾಗ ಅದ. ಸಿಂದಗಿ ಕಡೆ ನಮ್ಮ ಸಂಬಂಧದಾಂವ ಮುಕಾದಮ್‌ಕಿ ಮಾಡ್ತಾನಲ್ಲ.

ಮಗಳು: ಕಬ್ಬಿನ ಗ್ಯಾಂಗು ಒಯ್ಯಾಂವ?

ಕಾಕಾ: ಹೂಂ. ಪ್ರತಿ ವರ್ಷ ಮಹಾರಾಷ್ಟ್ರಕ್ಕ ಕಬ್ಬು ಕಡಿಯಾಕ ಜೋಡಿ ಜೋಡಿ ಗಂಡಹೆಂಡ್ತಿ ಕರ್ಕೊಂಡು ಹೋಗ್ತಾನ. ಮೊದಲ ಅಡ್ವಾನ್ಸ್ ಕೊಡ್ತಾನ. ಒಂದು ಜೋಡಿ ಹೋದ ಹಂಗಾಮಿನ್ಯಾಗ ಗಂಡಗ ಜ್ವರ ಬಂದು ನಡುವ ತಿರುಗಿ ಬಂದ್ರು, ಬಾಕಿ ಉಳೀತು. ಈಗ ಆಕಿ ಬಸುರಿ, ಏಳು ತಿಂಗಳು. ಬಾಕಿ ತೀರೂತನಕ ಬರಲೇಬೇಕು ಅಂತ ಕುಂತಾನ. ಇವನೂ ಪ್ರತಿ ಐತವಾರ ಮುಂದಿನ ಸಾಲಿನ್ಯಾಗ ಕುಂದ್ರಾಂವ. ಕೆಟ್ಟಾಂವಲ್ಲ, ಅವಗೂ ಕಾರ್ಖಾನಿ ಕಡೆಯವರು ಕೊಟ್ಟ ರೊಕ್ಕದ ಲೆಕ್ಕ ಕೇಳ್ತಾರ. ನಾ ಅನ್ಕೊಂಡಿದ್ದೆ, ಪೌಲ ಫಿಲೆಮೋನನಿಗೆ ಬರದ ಪತ್ರದಂಗ ಮಾಡೂಣು ಅಂತ. ಸಣ್ಣ ಪತ್ರ, ಇಪ್ಪತ್ತೈದು ವಚನ ಅಷ್ಟ. ಓಡಿ ಬಂದ ಆಳು ಒನೇಸಿಮನನ್ನ ತಿರುಗಿ ಕಳಸ್ತಾನ, ಆಳಿನಂಗ ಅಲ್ಲ, ತಮ್ಮನಂಗ ತಗೋ ಅಂತಾನ. ಬರೇ ಉಪದೇಶ ಮಾಡಿ ಬಿಡೂದಿಲ್ಲ, ಅವನು ನಿನಗ ಏನಾರೆ ಕೊಡಬೇಕಿದ್ರ ಅದನ್ನ ನನ್ನ ಲೆಕ್ಕಕ್ಕ ಹಾಕು ಅಂತ ತನ್ನ ಕೈಲೇ ಬರದುಕೊಡ್ತಾನ. ಸೆರಿಮನ್ಯಾಗ ಕುಂತಾಂವ! ಲಿಲಾವಿನ ರೊಕ್ಕದಾಗ ಆ ಜೋಡಿ ಬಾಕಿ ಕಟ್ಟಿಬಿಟ್ರ?

ಮಗಳು: ಹಂಗ ಮಾಡಬ್ಯಾಡ್ರಿ.

ಕಾಕಾ: ಯಾಕ?

ಮಗಳು: ಅಡ್ವಾನ್ಸ್ ತೋರಿಸಿ ಬಸುರಿ ಹೆಣ್ಮಗಳನ್ನ ಕಬ್ಬಿನ ಹೊಲಕ್ಕ ಎಳದೊಯ್ದ್ರ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಅಂಥಾ ಸಾಲ ತೀರಿಸೋ ಹೊರಿ ಉಳಿಯೂದ ಇಲ್ಲ. ನಾವು ರೊಕ್ಕ ಕಟ್ಟಿದ್ರ, ಆಕಿ ಆ ಬಾಕಿಗೆ ಒತ್ತಿ ಬಿದ್ದಿದ್ಲು ಅಂತ ನಾವ ಒಪ್ಪಿದಂಗ. ಈ ವರ್ಷ ಒಂದು ಜೋಡಿ ಬಿಡಸ್ತೀವಿ, ಮುಂದಿನ ವರ್ಷ ಅಂವ ಮತ್ತೊಂದು ಜೋಡಿ ಹಿಡೀತಾನ, ಸಭೆ ರೊಕ್ಕ ಕೊಡ್ತದ ಅಂತ ಧೈರ್ಯನೂ ಬರ್ತದ.

ಕಾಕಾ: ಹಂಗಾರ ಅವನನ್ನ ತಹಸೀಲ್ದಾರ್ ಕಚೇರಿಗೆ ಎಳೀಬೇಕಾ? ನಮ್ಮ ರಕ್ತಸಂಬಂಧ.

ಮಗಳು: ಜಕ್ಕಾಯನ ಮನಿಗೆ ಕರ್ತನು ತಾನ ಹೋದ. ಆಗ ಜಕ್ಕಾಯ ತಾನಾಗೇ ಎದ್ದು, ಕಸಗೊಂಡದ್ದು ನಾಕು ಪಟ್ಟು ಕೊಡ್ತೀನಿ ಅಂದ. ಮೊದಲ ನಾವು ಹೋಗೂಣು. ಆಕಿ ಮ್ಯಾಲ ಯಾವ ಬಾಕಿನೂ ಇಲ್ಲ ಅಂತ ಅವನ ಬಾಯಿಲಿಂದ ಬರಬೇಕು, ಆ ಗಂಡಹೆಂಡ್ತಿ ಮುಂದ. ಬರದ ಕಾಗದ ಇದ್ರ ಅಲ್ಲೇ ಹರೀಬೇಕು. ಅದಾದ ಮ್ಯಾಲ, ಕಾರ್ಖಾನಿ ಕಡೆ ಅವಗ ಬೀಳೋ ನಷ್ಟದಾಗ ನಾವು ಪಾಲು ತಗೋಬಹುದು. ಆಗ ನಾವು ಕೊಡೂದು ಆಕಿ ಬಿಡುಗಡಿಗೆ ಅಲ್ಲ, ಅಂವ ನೆಟ್ಟಗ ನಿಲ್ಲೂದಕ್ಕ. ಒಪ್ಪದಿದ್ರ ತಹಸೀಲ್ದಾರ್ ಕಚೇರಿ ಇದ್ದ ಅದ, ರಕ್ತಸಂಬಂಧ ಇದ್ರೂ.

ಕಾಕಾ: ಕಮಾನಿನ ಹುಡುಗರಿಗೆ?

ಮಗಳು: ಅವರನ್ನೂ ಕರ್ಕೊಂಡು ಹೋಗೂಣು. ಆ ಹೆಣ್ಮಗಳನ್ನ ಅವರೂ ನೋಡಲಿ. ಆಮ್ಯಾಲ ಐತವಾರ ಕೈ ಎತ್ತಲಿ.

ಕಾಕಾ: ಐತವಾರ ಅಂದ್ರ ತಡ ಆಗ್ತದ. ಗ್ಯಾಂಗಿನ ಟ್ರ್ಯಾಕ್ಟರ್ ಹೊರಡೂದು ನಾಳೆ ನಸುಕಿಗೆ ಅಂತ.

ಮಗಳು: ಹಂಗಾರ ಇವತ್ತ ಸಂಜಿಕ. ನಾ ಬಾಗೇವಾಡಿ ಬಸ್ ಬಿಡ್ತೀನಿ, ಸಾಲಿಗೆ ಫೋನ್ ಮಾಡಿ ರಜಾ ಹೇಳ್ತೀನಿ. ಆದ್ರ ಕಾಕಾ, ಸಭೆ ಕೇಳದ ಅವಗ ಮಾತು ಕೊಟ್ಟು, ಐತವಾರ ಅವರು ಒಪ್ಪದಿದ್ರ?

ಕಾಕಾ: ಒಪ್ಪದಿದ್ರ ನನ್ನ ಹೆಸರಿಗೆ ಬರಿ. ಲಿಂಬೆ ಇನ್ನೂ ಗಿಡದಾಗ ಅದಾವ.